ಕಾಗುಣಿತ ಸರಿ ಇತ್ತು

ಶರಣಬಸಪ್ಪ ಹುನಗುಂದದ ಕಾಲೇಜಿನಲ್ಲಿ ಮೂವತ್ತೆರಡು ವರ್ಷ ರಾಜ್ಯಶಾಸ್ತ್ರ ಕಲಿಸಿದವನು. ಅಷ್ಟೂ ವರ್ಷಗಳಲ್ಲಿ ಹೆಂಡತಿ ಶಾಂತವ್ವ ಅವನ ವಿಷಯದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು, ಮನೆ, ಮಕ್ಕಳು, ಅತ್ತೆಯ ಜಡ್ಡು ಎಂದು ಅವಳ ಪಾಡು ಅವಳಿಗಿತ್ತು. ಹಾಗಾಗಿ ಅದು ಅವನಿಗೆ ಕೊರತೆ ಅನಿಸಿರಲೇ ಇಲ್ಲ. ಅನಿಸಿದ್ದು ಅರವತ್ತೊಂಬತ್ತನೇ ವಯಸ್ಸಿನಲ್ಲಿ, ವೆಲ್ಲಿಂಗ್ಟನ್ ಪಕ್ಕದ ಲೋವರ್ ಹಟ್ ಊರಿನ ಮಗನ ಮನೆಯಲ್ಲಿ, ಒಂದು ಮಂಗಳವಾರ ಮಧ್ಯಾಹ್ನ ಇಬ್ಬರೇ ಊಟಕ್ಕೆ ಕೂತಾಗ.

"ಏನ್ರಿ, ಚುನಾವಣಿ ನಡಿಯೂ ದೇಶದಾಗ ಒಬ್ಬಾಂವ ಸಾಯೂತನಕ ಅಧ್ಯಕ್ಷ ಇರಾಕ ಬರತೈತೇನ್ರಿ?" ಎಂದು ಶಾಂತವ್ವ ಕೇಳಿದಳು.

ರೊಟ್ಟಿ ಮುರಿಯುತ್ತಿದ್ದ ಅವನ ಕೈ ನಿಂತಿತು. ಎಷ್ಟೋ ದಿನಗಳ ಮೇಲೆ ಯಾರೋ ಅವನ ವಿಷಯ ಎತ್ತಿದ್ದರು.

"ಬರತೈತಿ. ಹೆಸರಿಗೆ ಗಣರಾಜ್ಯ ಇರತಾವು, ಒಳಗ ಒಬ್ಬಂದ ಆಳಿಕಿ. ಜೀವಾವಧಿ ಅಧ್ಯಕ್ಷ ಅಂತಾರ ಅದಕ್ಕ. ಬಿ.ಎ. ಎರಡನೇ ವರ್ಷಕ್ಕ ನಾನ ಕಲಿಸ್ತಿದ್ದೆ," ಎಂದು ಶುರು ಮಾಡಿದವನು ಸಂವಿಧಾನ, ಅಧಿಕಾರಾವಧಿ, ತಿದ್ದುಪಡಿ ಎಂದು ಹದಿನೈದು ನಿಮಿಷ ಹೇಳಿದ. ಪಲ್ಯ ಆರಿಹೋಯಿತು.

ಶಾಂತವ್ವ ಕೊನೆತನಕ ಕೇಳಿ, "ಹೌದ್ರಿ, ಅಂಬ್ರೋಸ್ ಮಾಸ್ತರೂ ಹಂಗ ಹೇಳಿದ್ರು. ಅವರು ಹೇಳಿದ್ದು ಲಗೂನ ತಿಳೀತು ನೋಡ್ರಿ," ಎಂದಳು.

"ಯಾಂವ ಅಂವ ಮಾಸ್ತರ?"

ಮಗ ಚನ್ನವೀರ, ಸೊಸೆ ಐಶ್ವರ್ಯಾ ಇಬ್ಬರೂ ಬೆಳಿಗ್ಗೆ ಏಳೂವರೆಗೆ ವೆಲ್ಲಿಂಗ್ಟನ್ ಟ್ರೇನು ಹಿಡಿದು ಹೋದರೆ ಬರುವುದು ಸಂಜೆಗೆ. ಮನೆಯಲ್ಲಿ ಕೂತು ಬೇಸರವಾಗುತ್ತದೆಂದು ಐಶ್ವರ್ಯಾನೇ ಅತ್ತೆಯನ್ನು ಲೈಬ್ರರಿಯ ಹಿಂದಿನ ಹಾಲ್‌ನಲ್ಲಿ ನಡೆಯುವ ಇಂಗ್ಲಿಷ್ ಕ್ಲಾಸಿಗೆ ಸೇರಿಸಿದ್ದಳು. ಮಂಗಳವಾರ, ಗುರುವಾರ, ಹತ್ತರಿಂದ ಹನ್ನೆರಡು. ಶರಣಬಸಪ್ಪ ಸೇರಲಿಲ್ಲ. ಇಂಗ್ಲಿಷು ತನಗೆ ಬರುತ್ತದೆ ಎನ್ನುವುದು ಅವನ ಮಾತು. ಒಂದೂವರೆ ವರ್ಷದಲ್ಲಿ ಶಾಂತವ್ವ ಬಸ್ಸಿನವನ ಜೊತೆ, ಮೆಡಿಕಲ್ ಸೆಂಟರಿನ ಹುಡುಗಿಯ ಜೊತೆ ಮಾತಾಡುವಷ್ಟಾದಳು. ಅವನು ಪೇಪರ್ ಓದುತ್ತಿದ್ದ.

ಅಂಬ್ರೋಸ್ ಅದೇ ಕ್ಲಾಸಿನವನು. ಆಫ್ರಿಕಾದ ಬೊರೇಂಗಾ ಎಂಬ ಚಿಕ್ಕ ದೇಶದಿಂದ ನಿರಾಶ್ರಿತನಾಗಿ ಬಂದವನು, ಎಪ್ಪತ್ತು ದಾಟಿದ ವಿಧುರ. ಮಾಸ್ತರನಲ್ಲ. ತನ್ನ ದೇಶದ ಸರ್ಕಾರಿ ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದುತ್ತಿದ್ದವನು. ಕ್ಲಾಸಿನಲ್ಲಿ ಪಕ್ಕದವರ ಕಾಗುಣಿತ ತಿದ್ದಿಕೊಡುತ್ತಿದ್ದನೆಂದು ಶಾಂತವ್ವ ಅವನನ್ನು ಮಾಸ್ತರ ಎನ್ನತೊಡಗಿದ್ದಳು. ಸಾವಿರಾರು ಹುಡುಗರು ಸರ್ ಎಂದು ಕರೆದ ಶರಣಬಸಪ್ಪನನ್ನು ಅವಳು ಒಮ್ಮೆಯೂ ಹಾಗೆ ಕರೆದಿರಲಿಲ್ಲ.

ಆಮೇಲೆ ವಾರಕ್ಕೆ ಎರಡು ಮಧ್ಯಾಹ್ನ ಊಟದ ಜೊತೆ ಬೊರೇಂಗಾ ಬಡಿಸುವುದು ರೂಢಿಯಾಯಿತು. ಅಲ್ಲಿಯ ಚುನಾವಣೆಯಲ್ಲಿ ಎರಡು ಡಬ್ಬಿ ಇಡುತ್ತಿದ್ದರಂತೆ. ಅಧ್ಯಕ್ಷನ ಫೋಟೋ ಅಂಟಿಸಿದ ಹಸಿರು ಡಬ್ಬಿ ಬಾಗಿಲ ಬಳಿ, ಬೇಡ ಎನ್ನುವವರ ಕರಿ ಡಬ್ಬಿ ಮೂಲೆಯಲ್ಲಿ ಪೊಲೀಸನ ಕಾಲ ಬಳಿ. ಅಧ್ಯಕ್ಷನ ಹೆಸರಿನ ಹಿಂದೆ ವರ್ಷಕ್ಕೊಂದು ಬಿರುದು ಸೇರುತ್ತಿತ್ತಂತೆ. ರಾಷ್ಟ್ರಪಿತ, ಮೊದಲ ರೈತ, ಮೊದಲ ಸೈನಿಕ, ಮೊದಲ ಶಿಕ್ಷಕ. ಒಂದು ಸಲ ಪಠ್ಯಪುಸ್ತಕದಲ್ಲಿ 'ಮೊದಲ ಶಿಕ್ಷಕ' ಬಿಟ್ಟುಹೋಗಿ, ಕರಡು ನೋಡಿದ ಅಂಬ್ರೋಸ್ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದನಂತೆ.

"ಜೀವಾವಧಿ ಅಂದ್ರ ನಮ್ಮ ಕಡೆ ಶಿಕ್ಷಾ ಅಲ್ಲೇನ್ರಿ?" ಎಂದಳು ಒಂದು ದಿನ ಶಾಂತವ್ವ. "ಅಲ್ಲಿ ಕುರ್ಚಿ ಒಬ್ಬಂಗ, ಶಿಕ್ಷಾ ಉಳದಾವ್ರಿಗೆ."

"ಶಾಸ್ತ್ರದಾಗ ಹಂಗ ಅನ್ನಾಕ ಬರೂದಿಲ್ಲ," ಎಂದ ಶರಣಬಸಪ್ಪ. ಅವಳು ಪಾತ್ರೆ ತೊಳೆಯಲು ಎದ್ದಾಗ ಡೈರಿ ತೆಗೆದು ಆ ಮಾತನ್ನು ಬರೆದುಕೊಂಡ. ಮೂವತ್ತೆರಡು ವರ್ಷದ ತನ್ನ ನೋಟ್ಸಿನಲ್ಲಿ ಅಂಥ ಒಂದು ಸಾಲು ಇರಲಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಅದು ಅವಳಿಗೆ ಹೊಳೆದದ್ದು ಆ ಮನುಷ್ಯನ ಮಾತು ಕೇಳಿ ಎನ್ನುವುದೂ ಗೊತ್ತಿತ್ತು.

ಸಣ್ಣಪುಟ್ಟದ್ದೆಲ್ಲ ಅವನ ಕಣ್ಣಿಗೆ ಬೀಳತೊಡಗಿತು. ಕ್ಲಾಸಿನ ದಿನ ಅವಳು ಸೀರೆಯ ಮೇಲಿನ ಸ್ವೆಟರನ್ನು ಎರಡು ಸಲ ಜಾಡಿಸಿ ಹಾಕಿಕೊಳ್ಳುತ್ತಿದ್ದಳು. ಡಬ್ಬಿಯಲ್ಲಿ ಶೇಂಗಾ ಉಂಡಿ ಒಯ್ದು ಖಾಲಿ ಡಬ್ಬಿ ತರುತ್ತಿದ್ದಳು. "ಯಾರ ತಿಂತಾರ ಅಷ್ಟೂ?" ಎಂದು ಕೇಳಿದರೆ, "ಎಲ್ಲಾರೂ," ಎನ್ನುತ್ತಿದ್ದಳು. ಆ ಎಲ್ಲರಲ್ಲಿ ಅಂಬ್ರೋಸ್ ಉಂಡಿ ಜಗಿಯುವುದು ಮಾತ್ರ ಅವನ ಕಣ್ಣ ಮುಂದೆ ಬರುತ್ತಿತ್ತು.

ಒಂದು ಗುರುವಾರ ಡೇರಿಗೆ ಹೋಗಿ ಹಾಲು ತರುತ್ತೇನೆಂದು ಹೊರಟವನು ಲೈಬ್ರರಿಯ ಹಿಂದೆ ಹೋಗಿ ನಿಂತ. ಹಾಲ್‌ನ ಗಾಜಿನ ಬಾಗಿಲಿನಿಂದ ಒಳಗಿನ ಮೇಜುಗಳು ಕಾಣುತ್ತಿದ್ದವು. ಕುತ್ತಿಗೆತನಕ ಗುಂಡಿ ಹಾಕಿದ ಬಿಳಿ ಅಂಗಿಯ ಎತ್ತರದ ಮುದುಕ, ಇಸ್ತ್ರಿ ಮಾಡಿದ ಗೆರೆ ಇನ್ನೂ ತೋಳಿನ ಮೇಲಿದೆ. ಎರಡು ಚಹದ ಕಪ್ಪು ಬೋರಲು ಹಾಕಿ, ಸಕ್ಕರೆ ಪೊಟ್ಟಣಗಳನ್ನು ಮತದಾರರಂತೆ ಸಾಲಾಗಿ ನಡೆಸುತ್ತಿದ್ದಾನೆ. ಎಲ್ಲ ಪೊಟ್ಟಣಗಳೂ ಒಂದೇ ಕಪ್ಪಿನ ಕಡೆ ಹೋಗುತ್ತಿವೆ. ಶಾಂತವ್ವ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಾಳೆ, ಭುಜ ಅಲುಗುವಂತೆ. ತಾನು ಅವಳನ್ನು ಹಾಗೆ ನಗಿಸಿದ್ದು ಯಾವಾಗ ಎಂದು ಶರಣಬಸಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಯಾವುದೂ ನೆನಪಾಗಲಿಲ್ಲ.

ಟೀಚರ್ ಗ್ಲೆನಿಸ್ ಅವನನ್ನು ಕಂಡು ಬಾಗಿಲು ತೆರೆದು, "ನೀವು ಶಾಂತಾ ಗಂಡ ಅಲ್ಲವಾ, ಒಳಗೆ ಬನ್ನಿ," ಎಂದು ಇಂಗ್ಲಿಷಿನಲ್ಲಿ ಕರೆದಳು. ಅವನಿಗೆ ಇಂಗ್ಲಿಷು ಬಾಯಿಗೆ ಬರಲಿಲ್ಲ. "ಮಿಲ್ಕ್, ಮಿಲ್ಕ್," ಎಂದು ಹೇಳಿ ಹೊರಟುಬಿಟ್ಟ. ಹಾಲನ್ನೂ ತರದೆ ಮನೆಗೆ ಬಂದ.

ಮುಂದಿನ ವಾರ ಶಾಂತವ್ವ ಊಟಕ್ಕೆ ಕೂತವಳು ತನ್ನ ತಾಟು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಇದನ್ನ ಮಾಸ್ತರ ಇಲ್ಲಿ ಮತ್ತ ಯಾರಿಗೂ ಹೇಳಿಲ್ಲಂತ," ಎಂದು ಶುರು ಮಾಡಿದಳು. ಅವರ ದೇಶದ ಸಂವಿಧಾನದಲ್ಲಿ ಅಧ್ಯಕ್ಷನಿಗೆ ಮೊದಲು ಐದು ವರ್ಷ ಎಂದಿತ್ತಂತೆ. ಆಮೇಲೆ ಏಳು ಮಾಡಿದರಂತೆ. ಕೊನೆಗೊಮ್ಮೆ ಒಂದೇ ಸಾಲಿನ ತಿದ್ದುಪಡಿ ಮುದ್ರಣಕ್ಕೆ ಬಂತಂತೆ, ಜೀವಾವಧಿ ಎಂದು. ಅದರ ಕರಡು ತಿದ್ದಲು ಬಂದದ್ದು ಅಂಬ್ರೋಸನ ಮೇಜಿಗೆ. ಓದಿ, ಕೆಳಗೆ ಸಹಿ ಮಾಡಿ ಕಳಿಸಿದ. "ಅದನ್ನ ಹೇಳುವಾಗ ಅವರ ದನಿ ಬಿತ್ರಿ," ಎಂದಳು. ಶರಣಬಸಪ್ಪನಿಗೆ ಕೇಳಿಸಿದ್ದು ಬೇರೆ. ಮತ್ತ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದ್ದಾನೆ.

ಟರ್ಮಿನ ಕೊನೆಯ ದಿನ ಮನೆಯವರೂ ಬರಬಹುದು, ಬೇಕಾದವರು ಐದು ನಿಮಿಷ ಮಾತಾಡಬಹುದು ಎಂದು ಗ್ಲೆನಿಸ್ ಹೇಳಿ ಕಳಿಸಿದ್ದಳು. "ನಾ ಮಾತಾಡ್ತೀನಿ," ಎಂದ ಶರಣಬಸಪ್ಪ. ಶಾಂತವ್ವಳ ಮುಖ ಅರಳಿತು. "ಮಾಸ್ತರಿಗೆ ಭಾಳ ಖುಷಿ ಆಗತೈತ್ರಿ. ನಿಮ್ಮನ್ನ ನೋಡಬೇಕಂತ ಎಷ್ಟೋ ಸಲ ಕೇಳ್ಯಾರ," ಎಂದಳು. ಮಾಸ್ತರಿಗೆ ಖುಷಿ ಎನ್ನುವುದರ ಮುಂದಿನ ಮಾತು ಅವನ ಕಿವಿಗೆ ಬೀಳಲಿಲ್ಲ.

ಎಂಟು ದಿನ ಕೂತು ಇಂಗ್ಲಿಷಿನಲ್ಲಿ ಆರು ಪುಟ ಬರೆದ. ಕೊನೆಯ ಪುಟದಲ್ಲಿ ಒಂದೇ ಒಂದು ಪ್ರಶ್ನೆ ಇತ್ತು. ಅದನ್ನು ಮೂರು ಸಲ ತಿದ್ದಿ ಬರೆದಿದ್ದ.

ಆ ದಿನ ಹಾಲ್‌ನಲ್ಲಿ ಇಪ್ಪತ್ತು ಜನ ಇದ್ದರು. ಒಬ್ಬ ಚೀನೀ ಅಜ್ಜಿ ಬೆಳ್ಳುಳ್ಳಿ ಬೆಳೆಯುವುದರ ಬಗ್ಗೆ ಹೇಳಿದಳು. ಒಬ್ಬ ಸಿರಿಯಾದ ಕ್ಷೌರಿಕ ಈ ದೇಶದಲ್ಲಿ ತನಗೆ ಸಿಕ್ಕ ಮೊದಲ ಗಿರಾಕಿಯ ಬಗ್ಗೆ ಹೇಳಿ ಎಲ್ಲರನ್ನೂ ನಗಿಸಿದ. ಶರಣಬಸಪ್ಪ ಎದ್ದು ಕನ್ನಡಕ ಹಾಕಿಕೊಂಡು ಓದಿದ. ಹೆಸರಿಗಷ್ಟೇ ಗಣರಾಜ್ಯಗಳಾದ ದೇಶಗಳು, ಅಲ್ಲಿಯ ಜೀವಾವಧಿ ಅಧ್ಯಕ್ಷರು. ಹಸಿರು ಡಬ್ಬಿ, ಕರಿ ಡಬ್ಬಿ ಎರಡೂ ಅವನ ಭಾಷಣದಲ್ಲಿ ಬಂದವು. ಕುರ್ಚಿ ಒಬ್ಬನಿಗೆ, ಜೀವಾವಧಿ ಶಿಕ್ಷೆ ಉಳಿದವರಿಗೆ ಎಂದು ಅವನು ಓದಿದಾಗ ಜನ ತಲೆದೂಗಿದರು. ಶಾಂತವ್ವ ತಲೆ ಎತ್ತಿ ಅವನನ್ನೇ ನೋಡಿದಳು. ಅಂಬ್ರೋಸ್ ಮುಂದಿನ ಸಾಲಿನಲ್ಲಿ ಕೂತು, ಮೊಣಕಾಲ ಮೇಲೆ ಕೈ ಊರಿ, ಒಳ್ಳೆಯ ವಿದ್ಯಾರ್ಥಿಯಂತೆ ಕೇಳುತ್ತಿದ್ದ.

ಶರಣಬಸಪ್ಪ ಕೊನೆಯ ಪುಟ ತೆಗೆದ.

"ಇಲ್ಲಿ ನಮ್ಮ ನಡುವೆ ಒಬ್ಬರಿದ್ದಾರೆ," ಎಂದು ಓದಿದ. "ಆ ತಿದ್ದುಪಡಿಯ ಕರಡನ್ನು ಕೈಯಲ್ಲಿ ಹಿಡಿದವರು. ಮಿಸ್ಟರ್ ಅಂಬ್ರೋಸ್, ತಪ್ಪು ಹುಡುಕುವುದೇ ನಿಮ್ಮ ಕೆಲಸವಾಗಿತ್ತು. ಆ ಸಾಲು ತಪ್ಪು ಎಂದು ಯಾಕೆ ಗುರುತು ಹಾಕಲಿಲ್ಲ?"

ಅಂಬ್ರೋಸ್ ಶಾಂತವ್ವಳ ಕಡೆ ಒಮ್ಮೆ ನೋಡಿದ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ.

"ಕಾಗುಣಿತ ಸರಿ ಇತ್ತು," ಎಂದ.

ಅಷ್ಟೇ. ಗ್ಲೆನಿಸ್ ಎದ್ದು ಚಹ ಆಗಿದೆ ಎಂದಳು. ಜನ ಕುರ್ಚಿ ಸರಿಸಿದರು. ಅಂಬ್ರೋಸ್ ಕೋಟು ಹಾಕಿಕೊಂಡು, ಎಲ್ಲರಿಗೂ ತಲೆಬಾಗಿಸಿ, ಚಹ ಕುಡಿಯದೆ ಹೋದ.

ಮನೆಗೆ ಹೋಗುವ ದಾರಿಯಲ್ಲಿ ನದಿ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತಿತ್ತು. ಶಾಂತವ್ವ ಸೆರಗು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಎರಡು ಹೆಜ್ಜೆ ಮುಂದೆ ನಡೆದಳು. ಗೇಟಿನ ಹತ್ತಿರ ನಿಂತು, "ಅದನ್ನ ನಾ ನಿಮಗ ಹೇಳಿದ್ದೆ. ಆ ಮಂದಿಗೆ ಅಲ್ಲ," ಎಂದಳು.

ರಜೆ ಮುಗಿದು ಕ್ಲಾಸು ಶುರುವಾಯಿತು. ಶಾಂತವ್ವ ಹೋಗಿ ಬಂದಳು. ಊಟದ ಹೊತ್ತಿಗೆ ಉಪ್ಪು, ಖಾರ, ಇನ್ನೊಂದು ರೊಟ್ಟಿ, ಇಷ್ಟೇ ಮಾತು. ಅಂಬ್ರೋಸ್ ಬಂದಿದ್ದನೋ ಎಂದು ಕೇಳಲು ಶರಣಬಸಪ್ಪನಿಗೆ ಬಾಯಿ ಬರಲಿಲ್ಲ. ಮೂರನೇ ಕ್ಲಾಸಿನ ದಿನ ಅವಳ ಡಬ್ಬಿ ಎತ್ತಿ ನೋಡಿದ. ಉಂಡಿ ಅರ್ಧಕ್ಕರ್ಧ ವಾಪಸು ಬಂದಿದ್ದವು.

ಅಂಬ್ರೋಸ್ ಬರುತ್ತಿಲ್ಲ, ಇದೇ ತನಗೆ ಬೇಕಾಗಿದ್ದದ್ದು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಆ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ. ಅವಳ ಎದುರು ಕೂತು ಉಣ್ಣುವುದು ಪರೀಕ್ಷೆ ಕೊಠಡಿಯಲ್ಲಿ ಕೂತಂತಿತ್ತು. ಅಂಬ್ರೋಸ್ ಬರದಾದ ಮೇಲೂ ಅವಳು ಗಂಡನ ಕಡೆ ತಿರುಗಲಿಲ್ಲ. ಅವನಿಲ್ಲದೆಯೂ ಅವಳ ಮನಸ್ಸೆಲ್ಲ ಅವನದೇ ಚಿಂತೆಯಲ್ಲಿತ್ತು. ಈ ಲೆಕ್ಕ ಹಾಕಿದಾಗ ಶರಣಬಸಪ್ಪನಿಗೆ ಮೊದಲಿಗಿಂತ ಹೆಚ್ಚು ಹೊಟ್ಟೆ ಉರಿಯಿತು, ಅದರ ಬೆನ್ನಿಗೇ ನಾಚಿಕೆಯೂ ಆಯಿತು.

ಶನಿವಾರ ಬೆಳಿಗ್ಗೆ, "ಅಂವನ ಮನಿ ಎಲ್ಲೈತಿ?" ಎಂದು ಕೇಳಿದ.

ಶಾಂತವ್ವ ಯಾಕೆ ಎನ್ನಲಿಲ್ಲ. ನೈನೈ ಬಡಾವಣೆಗೆ ಹೋಗುವ ಬಸ್ಸಿನ ನಂಬರು, ಇಳಿಯುವ ಸ್ಟಾಪು, ಮನೆ ನಂಬರು ಹೇಳಿ, ಒಂದು ಡಬ್ಬಿ ಶೇಂಗಾ ಉಂಡಿ ಕೈಗೆ ಕೊಟ್ಟಳು. ಮನೆ ನಂಬರು ಅವಳಿಗೆ ಬಾಯಿಪಾಠ ಇರುವುದನ್ನು ಅವನು ಗಮನಿಸದೆ ಇರಲಿಲ್ಲ.

ಸರ್ಕಾರಿ ಮನೆಗಳ ಸಾಲಿನಲ್ಲಿ ಕೊನೆಯದು. ಅಂಬ್ರೋಸ್ ಬಾಗಿಲು ತೆರೆದ. ಶನಿವಾರವೂ ಅದೇ ಬಿಳಿ ಅಂಗಿ, ಕುತ್ತಿಗೆತನಕ ಗುಂಡಿ. ಆಶ್ಚರ್ಯ ತೋರಿಸದೆ ಒಳಗೆ ಕರೆದು ಕೂರಿಸಿದ. ಹೀಟರ್ ಹಚ್ಚಿದ.

ಶರಣಬಸಪ್ಪ ಬಸ್ಸಿನಲ್ಲಿ ಕೂತು ಜೋಡಿಸಿಕೊಂಡು ಬಂದಿದ್ದ ಇಂಗ್ಲಿಷ್ ವಾಕ್ಯಗಳು ಒಂದೂ ಸಮಯಕ್ಕೆ ಸಿಗಲಿಲ್ಲ. "ನಾನು ಕೇಳಬಾರದಿತ್ತು," ಎಂದ. "ತಪ್ಪು ನನ್ನದು. ಶಾಂತಾಳದಲ್ಲ."

"ನನಗೆ ಸಿಟ್ಟಿಲ್ಲ," ಎಂದ ಅಂಬ್ರೋಸ್. ಅವನು ನಿಧಾನವಾಗಿ, ಒಂದೊಂದೇ ಶಬ್ದ ಆರಿಸಿ ಮಾತಾಡುತ್ತಿದ್ದ. "ಬೇರೆ ಉತ್ತರ ಇದೆಯಾ ಎಂದು ಹುಡುಕುತ್ತಿದ್ದೆ. ಅದಕ್ಕೇ ಕ್ಲಾಸಿಗೆ ಬರಲಿಲ್ಲ. ಇಬ್ಬರು ಹೆಣ್ಣುಮಕ್ಕಳಿದ್ದರು, ಹೆಂಡತಿ ಇದ್ದಳು. ಅದು ಕಾರಣ, ಉತ್ತರ ಅಲ್ಲ. ಉತ್ತರ ಸಿಕ್ಕಿಲ್ಲ. ಆ ಅಧ್ಯಕ್ಷ ಇನ್ನೂ ಇದ್ದಾನೆ. ಬರುವ ತಿಂಗಳು ಅವನಿಗೆ ಎಂಬತ್ತೊಂಬತ್ತು."

ಹೀಟರನ್ನು ಅತಿಥಿಯ ಕಡೆ ತಿರುಗಿಸಿಟ್ಟ. ಆಮೇಲೆ ಅಂಬ್ರೋಸ್, "ಒಂದು ವಿಷಯ ನಾನೂ ಕೇಳಬೇಕು," ಎಂದ. "ನೀವು ಒಂದು ದಿನ ಅಧ್ಯಕ್ಷರಾಗಿದ್ದಿರಂತೆ, ನಿಜವೇ?"

"ನಾನೇ?"

"ಶಾಂತಾ ಹೇಳಿದ್ದು. ನನ್ನ ಗಂಡನೂ ಅಧ್ಯಕ್ಷ, ಒಂದೇ ದಿನ, ಎಂದು."

ಶರಣಬಸಪ್ಪನಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಮತಗಟ್ಟೆಯ ಅಧ್ಯಕ್ಷಾಧಿಕಾರಿ. ತೊಂಬತ್ತನಾಲ್ಕರ ಚುನಾವಣೆಗೆ ಅವನನ್ನು ಹಳ್ಳಿಯೊಂದರ ಬೂತಿಗೆ ಹಾಕಿದ್ದರು. ಐದು ಗಂಟೆಗೆ ಸಾಲಿನಲ್ಲಿದ್ದವರಿಗೆಲ್ಲ ಚೀಟಿ ಕೊಟ್ಟು ಬಾಗಿಲು ಹಾಕಿಸಿದ್ದ. ಐದು ಹತ್ತಕ್ಕೆ ಹಾಲಿ ಶಾಸಕನ ಜೀಪು ಬಂತು. ಶಾಸಕನ ಹೆಸರು ಆ ಬೂತಿನ ಮತದಾರರ ಪಟ್ಟಿಯಲ್ಲೇ ಇತ್ತು. ಶರಣಬಸಪ್ಪ ಬಾಗಿಲಲ್ಲಿ ನಿಂತು, ಟೈಮ್ ಆಗಿದೆ ಸಾಹೇಬರೆ, ಎಂದಿದ್ದ. ಶಾಸಕ ಐದು ನಿಮಿಷ ವಾದ ಮಾಡಿ, ಜೀಪು ಹತ್ತಿ ಹೋದ. ಮರುದಿನ ಮುಂಜಾನೆ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಶಾಂತವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ, "ನೀರು ಕಾದಾವು, ಜಳಕಾ ಮಾಡ್ರಿ," ಎಂದಿದ್ದಳು. ಅವಳಿಗೆ ಕೇಳಿಸಿಯೇ ಇಲ್ಲ ಎಂದುಕೊಂಡು ಅವನು ಮತ್ತೆ ಆ ಮಾತು ಎತ್ತಿರಲಿಲ್ಲ.

"ಆಮೇಲೆ ಏನಾಯಿತು?" ಎಂದು ಅಂಬ್ರೋಸ್ ಕೇಳಿದ. "ನಿಮ್ಮನ್ನು ಹಿಡಿಯಲು ಯಾರೂ ಬರಲಿಲ್ಲವೇ?"

"ಇಲ್ಲ. ಕಾಲೇಜಿಗೆ ಹೋದೆ."

"ಅವನು?"

"ಸೋತ. ಮನೆಗೆ ಹೋದ."

ಅಂಬ್ರೋಸ್ ತಲೆ ಅಲ್ಲಾಡಿಸಿದ. "ಇದೇ ನನಗೆ ನಂಬಲಿಕ್ಕಾಗುವುದಿಲ್ಲ. ಸೋತ, ಮನೆಗೆ ಹೋದ. ಶಾಂತಾಳಿಂದ ಮೂರು ಸಲ ಹೇಳಿಸಿದ್ದೇನೆ. ನಿಮ್ಮ ಮೇಲೆ ನನಗೆ ಬಹಳ ಹೊಟ್ಟೆಕಿಚ್ಚು, ಮಿಸ್ಟರ್ ಶರಣ. ನೀವು ಪುಸ್ತಕದಲ್ಲಿದ್ದದ್ದನ್ನು ಕಲಿಸಿದಿರಿ, ಅದು ನಿಮ್ಮ ಬಾಗಿಲಲ್ಲಿ ನಿಜವಾಗಿ ನಡೆಯಿತು. ನಾನು ಅಚ್ಚಾಗುವ ಮೊದಲೇ ಎಲ್ಲ ಓದುತ್ತಿದ್ದೆ. ಅದರಲ್ಲಿ ಒಂದೂ ನಿಜವಾಗಲಿಲ್ಲ, ಆ ಒಂದು ಸಾಲು ಬಿಟ್ಟು."

ಶರಣಬಸಪ್ಪನಿಗೆ ಇಷ್ಟು ದೊಡ್ಡ ಮಾತಿನ ಮುಂದೆ ತನ್ನ ಹೊಟ್ಟೆಕಿಚ್ಚು ಎಷ್ಟು ಸಣ್ಣದು ಎನಿಸಿತು. ಹಾಗೆ ಅನಿಸಿದರೂ ಅದು ಆರಲಿಲ್ಲ. ಮೂರು ಸಲ ಹೇಳಿದ್ದಾಳೆ, ಇವನಿಗೆ. ಕೊನೆಗೆ ತಡೆಯಲಾರದೆ ಕೇಳಿದ.

"ಅವಳು ಅದನ್ನು ಹೇಗೆ ಹೇಳಿದಳು?"

ಅಂಬ್ರೋಸ್ ಎದ್ದು ನಿಂತ. ಬಾಗಿಲ ಹತ್ತಿರ ಹೋಗಿ, ಒಂದು ಕೈಯಿಂದ ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಕೈಯನ್ನು ಟ್ರಾಫಿಕ್ ಪೊಲೀಸನಂತೆ ಮುಂದೆ ಚಾಚಿ, "ಟೈಮ್ ಫಿನಿಶ್. ಯು ಬಿಗ್ ಮ್ಯಾನ್, ಓಕೆ. ಟೈಮ್ ಫಿನಿಶ್," ಎಂದ. ಎದೆ ಉಬ್ಬಿಸಿ, ಗದ್ದ ಮೇಲೆತ್ತಿ. ಶಾಂತವ್ವ ಹೀಗೆ ಎದೆ ಉಬ್ಬಿಸಿ ನಿಂತದ್ದನ್ನು ಶರಣಬಸಪ್ಪ ನಲವತ್ತಾರು ವರ್ಷದ ಸಂಸಾರದಲ್ಲಿ ಕಂಡಿರಲಿಲ್ಲ. ಅವಳು ಹಾಗೆ ನಿಂತದ್ದು ತನಗಾಗಿ, ನೋಡಿದ್ದು ಈ ಮನುಷ್ಯ.

"ಇನ್ನೊಮ್ಮೆ ತೋರಿಸಿ," ಎಂದ. ಅಂಬ್ರೋಸ್ ಇನ್ನೊಮ್ಮೆ ತೋರಿಸಿದ.

ಮನೆಗೆ ಬಂದಾಗ ಶಾಂತವ್ವ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. "ಮಂಗಳವಾರ ಬರ್ತಾನಂತ," ಎಂದ. ಅವಳು ಹೂಂ ಎಂದು ಕ್ಲಿಪ್ಪು ಸಿಕ್ಕಿಸಿದಳು. ಅವನು ಅಲ್ಲೇ ನಿಂತು, "ಆ ಬೂತಿನ ಸುದ್ದಿ ಅಂವಗ ಹೇಳಿದಿಯಂತಲ್ಲ. ನನಗೂ ಒಮ್ಮೆ ಹೇಳು," ಎಂದ.

ಶಾಂತವ್ವ ಅವನನ್ನು ಮೇಲಿಂದ ಕೆಳಗಿನತನಕ ನೋಡಿದಳು. "ನಿಮ್ಮ ಸುದ್ದಿ ನಿಮಗ ಏನ ಹೇಳೂದ್ರಿ? ನಿಮಗ ಗೊತ್ತಿಲ್ಲೇನು?"

"ನೀ ಆವತ್ತ ಏನೂ ಅನ್ನಲಿಲ್ಲ."

"ಏನನ್ನಬೇಕಿತ್ತು? ನಿಮ್ಮ ಕೈ ನಡಗತಿದ್ವು. ನೀರು ಬಿಸಿ ಇದ್ವು." ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದಳು. ಅವಳ ದನಿಯಲ್ಲಿ ಸಿಟ್ಟಿನ ಗಂಟು ಸ್ವಲ್ಪ ಸಡಿಲವಾಗಿತ್ತು, ಪೂರ್ತಿ ಬಿಚ್ಚಿರಲಿಲ್ಲ.

ಮಂಗಳವಾರ ಶರಣಬಸಪ್ಪನೂ ಅವಳ ಜೊತೆ ಹೊರಟು ಕ್ಲಾಸಿಗೆ ಹೆಸರು ಕೊಟ್ಟ. ಗ್ಲೆನಿಸ್ ಅವನಿಗೆ ಅರ್ಧ ಗಂಟೆ ಪರೀಕ್ಷೆ ಮಾಡಿದಳು. ಓದುವುದು, ಬರೆಯುವುದು ಬಹಳ ಚೆನ್ನಾಗಿದೆ, ಮಾತಾಡುವುದಕ್ಕೆ ಮಾತ್ರ ಒಂದನೇ ಗುಂಪಿನಲ್ಲಿ ಕೂರಿ ಎಂದಳು. ಶಾಂತವ್ವ, ಅಂಬ್ರೋಸ್ ಮೂರನೇ ಗುಂಪು, ಕಿಟಕಿ ಪಕ್ಕದ ಮೇಜು. ಅವನ ಮೇಜು ಅಡುಗೆಕೋಣೆಯ ಬಾಗಿಲ ಹತ್ತಿರ, ಪಕ್ಕದಲ್ಲಿ ಚೀನೀ ಅಜ್ಜಿ.

ನೀವು ನಿನ್ನೆ ಏನು ಮಾಡಿದಿರಿ ಎಂದು ಒಬ್ಬರನ್ನೊಬ್ಬರು ಕೇಳಬೇಕಿತ್ತು. ಅಜ್ಜಿ ಕೇಳಿದಳು. ಶರಣಬಸಪ್ಪ ಬಾಯಿ ತೆರೆಯುವಷ್ಟರಲ್ಲಿ ಕಿಟಕಿಯ ಕಡೆಯಿಂದ ನಗು ಕೇಳಿಸಿತು. ತಿರುಗಿ ನೋಡಿದ. ಶಾಂತವ್ವ ಏನೋ ಹೇಳುತ್ತಿದ್ದಳು. ಅಂಬ್ರೋಸ್ ಈ ಕಡೆ ನೋಡಿ ಕೈ ಎತ್ತಿ ನಮಸ್ಕಾರ ಮಾಡಿದ. ಅವಳು ನೋಡಲಿಲ್ಲ.

"ನಿನ್ನೆ," ಎಂದು ಅಜ್ಜಿ ಮತ್ತೆ ಕೇಳಿದಳು, ಅವನ ತೋಳು ತಟ್ಟಿ.

"ಯೆಸ್ಟರ್ಡೇ," ಎಂದು ಶರಣಬಸಪ್ಪ ಶುರು ಮಾಡಿದ, ಕಿವಿ ಇನ್ನೂ ಆ ಮೇಜಿನ ಕಡೆಗೇ ಇಟ್ಟುಕೊಂಡು.